ಬಂಗಾಲಿ ಟೋಲಾದ ತಾರಸಿಯಲ್ಲಿ ಭತ್ತದ ಕುಂಡಗಳು

ಗೋದೌಲಿಯಾದಿಂದ ಗಂಗೆಯ ಕಡೆಗೆ ನಡೆಯುತ್ತ, ದಶಾಶ್ವಮೇಧ ಘಾಟ್ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಬಲಕ್ಕೆ ತಿರುಗಿದರೆ ಬಂಗಾಲಿ ಟೋಲಾದ ಗಲ್ಲಿ. ಆಗಸ್ಟ್ 29, ಬೆಳಗಿನ ಐದು ಗಂಟೆ. ರಾತ್ರಿ ಮಳೆ ಸುರಿದು ಹಾಸುಗಲ್ಲುಗಳು ಜಾರುತ್ತಿದ್ದವು. ಗೂಳಿಯೊಂದು ದಾರಿಗೆ ಅಡ್ಡ ಮಲಗಿತ್ತು. ಗೋಡೆಗೆ ಬೆನ್ನು ಒತ್ತಿಕೊಂಡು ಅದನ್ನು ದಾಟಿದೆ. ಬಿಳಿ ಸೀರೆಯ ಮುದುಕಿಯರು ಹಿತ್ತಾಳೆಯ ಚೊಂಬು ಹಿಡಿದು ನದಿಯ ಕಡೆಗೆ ಇಳಿಯುತ್ತಿದ್ದರು. ಅಂಗಡಿಗಳ ಬಾಗಿಲು ಹಾಕಿತ್ತು, ಆದರೆ ಬಂಗಾಳಿ ಅಕ್ಷರದ ಬೋರ್ಡುಗಳು ಆ ಮಸುಕಿನಲ್ಲೂ ಕಾಣುತ್ತಿದ್ದವು.

ಈ ಕೇರಿಗೆ ಬಂಗಾಳದವರು ಬಂದು ನೆಲೆಸಿ ತಲೆಮಾರುಗಳೇ ಕಳೆದಿವೆ. 1767ರಲ್ಲಿ ಕೂರಿಸಿದ ಮಣ್ಣಿನ ದುರ್ಗೆಯನ್ನು ವಿಸರ್ಜಿಸದೆ ಇವತ್ತಿಗೂ ಪೂಜಿಸುವ ಮನೆ ಇದೇ ಸುತ್ತಿನಲ್ಲಿದೆ. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಜಂಗಮವಾಡಿ ಮಠ. ಆ ಕಡೆಯಿಂದ ನಾಲ್ಕೈದು ಹೆಂಗಸರು ಒದ್ದೆ ಸೀರೆಯ ಗಂಟು ಹಿಡಿದು ಬರುತ್ತಿದ್ದರು. "ಲಗೂನ ನಡೀರಿ, ಚಹಾ ಕುಡದು ಹೋಗೂಣು" ಎಂದು ಒಬ್ಬಾಕೆ ಹೇಳಿದ್ದು ಕೇಳಿ ನಿಂತುಬಿಟ್ಟೆ. ಕಾಶಿಯ ಗಲ್ಲಿಯಲ್ಲಿ ಆ ಹೊತ್ತಿಗೆ ಕನ್ನಡ ಕಿವಿಗೆ ಬೀಳುತ್ತದೆಂದು ಎಣಿಸಿರಲಿಲ್ಲ.

ನಾನು ಹೋಗುತ್ತಿದ್ದದ್ದು ಮಾತ್ರ ಬೇರೊಂದು ಮನೆಗೆ. ಅಲ್ಲಿ ನಾಲ್ವರು ಕ್ರೈಸ್ತ ಸಿಸ್ಟರ್‌ಗಳಿದ್ದಾರೆ. ಇಬ್ಬರು ದಕ್ಷಿಣ ಕನ್ನಡದವರು, ಒಬ್ಬರು ಕೇರಳದವರು, ಒಬ್ಬರು ಜಾರ್ಖಂಡ್‌ನವರು. ಮನೆಯ ಹೆಸರು, ತಮ್ಮ ಸಭೆಯ ಹೆಸರು, ಸ್ವಂತ ಹೆಸರು ಯಾವುದೂ ಬೇಡ ಎಂದು ಅವರು ಮೊದಲೇ ಕೇಳಿಕೊಂಡಿದ್ದರು. ಹಾಗೆಯೇ ಬರೆಯುತ್ತೇನೆ.

ಬಾಗಿಲು ಎಷ್ಟು ತಗ್ಗು ಎಂದರೆ ತಲೆ ಬಾಗಿಸದೆ ಒಳಗೆ ಹೋಗುವಂತಿಲ್ಲ. ಬೋರ್ಡು ಇಲ್ಲ. ಹೊಸ್ತಿಲಿನ ಪಕ್ಕದ ಗೂಡಿನಲ್ಲಿ ಪುಟ್ಟ ಶಿವಲಿಂಗ, ಅದರ ಮೇಲೆ ಒಂದೇ ಒಂದು ಹಸಿ ಬಿಲ್ವದೆಲೆ. ಮನೆಯ ಯಜಮಾನರು ಬಂಗಾಳಿಗಳು. ಆ ಗೂಡು ಅವರ ಹಿರಿಯರ ಕಾಲದ್ದು. "ದಿನಾ ಬೆಳಿಗ್ಗೆ ಅವರ ಮನೆಯ ಅಜ್ಜಿ ಬಂದು ನೀರು ಹಾಕಿ ಹೋಗ್ತಾರೆ. ನಾವು ಬಾಗಿಲು ತೆಗೆದಿಟ್ಟಿರಬೇಕು, ಅಷ್ಟೇ" ಎಂದರು ಬಾಗಿಲು ತೆಗೆದ ಸಿಸ್ಟರ್. ಇವರು ಬೆಳ್ತಂಗಡಿ ಕಡೆಯವರು, ನರ್ಸ್, ಅರವತ್ತು ದಾಟಿದವರು. ಉಳಿದ ಮೂವರೂ ಇವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ.

ಒಳಗೆ ನಾಲ್ಕು ಕಂಬದ ತೆರೆದ ಅಂಗಳ. ಒಂದು ಮೂಲೆಯಲ್ಲಿ ನಲ್ಲಿ, ಅದರ ಕೆಳಗೆ ಸಾಲಾಗಿ ಇಟ್ಟ ಬಕೆಟ್‌ಗಳು. ನೀರು ಬರುವ ಹೊತ್ತಿಗೆ ಸರಿಯಾಗಿ ಮೋಟರ್ ಹಾಕದಿದ್ದರೆ ಮೇಲಿನ ಟ್ಯಾಂಕು ತುಂಬುವುದಿಲ್ಲ. ಹಾಗಾಗಿ ದಿನದ ಮೊದಲ ಕೆಲಸ ಪ್ರಾರ್ಥನೆಯಲ್ಲ, ಮೋಟರು. ಇದನ್ನು ಅವರು ಯಾವ ಮುಜುಗರವೂ ಇಲ್ಲದೆ ಹೇಳಿದರು. ಯಾರ ಪಾಳಿ ಎಂಬುದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ನೀರು, ಅಡುಗೆ, ಬಾಗಿಲು, ಮನೆಭೇಟಿ.

ಮೊದಲ ಮಹಡಿಗೆ ಕಲ್ಲಿನ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ. ಹಿಡಿದುಕೊಳ್ಳಲು ಕಟಕಟೆ ಇಲ್ಲ, ಒಂದು ಹಗ್ಗ ಕಟ್ಟಿದ್ದಾರೆ. ಮೇಲೆ ಎಡಗಡೆಯ ಕೋಣೆಯೇ ಪ್ರಾರ್ಥನಾಲಯ. ಬೆಂಚುಗಳಿಲ್ಲ, ಚಾಪೆ ಹಾಸಿದೆ. ತಗ್ಗಾದ ಮರದ ಪೀಠ, ಪರಮಪ್ರಸಾದ ಇಡುವ ಪುಟ್ಟ ಪೆಟ್ಟಿಗೆ, ಅದರ ಮುಂದೆ ಎಣ್ಣೆಯ ದೀಪ. ಚಪ್ಪಲಿ ಹೊರಗೆ. ನಮ್ಮೂರ ಇಗರ್ಜಿಗಳ ಎತ್ತರದ ಮಾಡು, ಬಣ್ಣದ ಗಾಜು, ಸಾಲು ಬೆಂಚುಗಳನ್ನು ನೋಡಿ ಬೆಳೆದವಳಿಗೆ ಇದು ಯಾರದೋ ಮನೆಯ ದೇವರಕೋಣೆಯಂತೆ ಕಂಡಿತು. ಇದೇನೂ ಇವರೇ ಮಾಡಿಕೊಂಡ ಏರ್ಪಾಡಲ್ಲ. ನೆಲದ ಮೇಲೆ ಕೂರುವುದು, ಬರಿಗಾಲು, ಕೈಮುಗಿಯುವುದು, ಆರತಿ ಎತ್ತುವುದು ಮುಂತಾದ ಹನ್ನೆರಡು ಭಾರತೀಯ ರೂಢಿಗಳನ್ನು ಪೂಜಾವಿಧಿಯಲ್ಲಿ ಬಳಸಿಕೊಳ್ಳಬಹುದೆಂದು ರೋಮ್ 1969ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಕರಾವಳಿಯಲ್ಲಿ ಅವು ಹೆಚ್ಚು ಬಳಕೆಗೆ ಬಂದಂತೆ ನನಗೆ ಕಂಡಿಲ್ಲ. ಇಲ್ಲಿ ದಿನಚರಿಯೇ ಆಗಿವೆ.

ಐದೂವರೆಗೆ ನಾಲ್ವರೂ ಬಂದು ಕೂತರು. ಕೀರ್ತನೆಗಳನ್ನು ಎರಡು ಗುಂಪಾಗಿ, ಒಂದಾದ ಮೇಲೊಂದು ಚರಣ, ಹಿಂದಿಯಲ್ಲಿ ಓದಿದರು. ಕೇರಳದ ಸಿಸ್ಟರ್ ಹಾರ್ಮೋನಿಯಂ ಹಿಡಿದರು. ಹೊರಗೆ ಯಾವುದೋ ಗುಡಿಯ ಗಂಟೆ ಒಂದೇ ಸಮನೆ ಬಾರಿಸುತ್ತಿತ್ತು. ಅದು ಮುಗಿದ ಕೂಡಲೇ ನೇಕಾರರ ಮದನಪುರದ ಕಡೆಯಿಂದ ಯಾರೋ ಮಗ್ಗಕ್ಕೆ ಕೂತ ಸದ್ದು ಕೇಳಿಸಿತು ಎಂದುಕೊಂಡೆ. ಅಷ್ಟು ದೂರದಿಂದ ಮಗ್ಗದ ಸದ್ದು ಕೇಳುತ್ತದೆಯೇ, ಅದು ಬೇರೆ ಯಾವುದಾದರೂ ಯಂತ್ರದ್ದೇ ಎಂದು ಈಗ ಅನುಮಾನ. ಕಾಲು ಗಂಟೆ ಮಾತಿಲ್ಲದೆ ಕೂತರು. ಜಾರ್ಖಂಡ್‌ನ ಸಿಸ್ಟರ್ ನಡುವೆ ತೂಕಡಿಸಿದರು. ಹಿಂದಿನ ರಾತ್ರಿ ಜ್ವರ ಬಂದ ಮಗುವೊಂದರ ಮನೆಯಲ್ಲಿ ಹನ್ನೆರಡರವರೆಗೆ ಕೂತಿದ್ದರೆಂದು ಆಮೇಲೆ ತಿಳಿಯಿತು.

ಗುರುಗಳು ವಾರಕ್ಕೊಮ್ಮೆ ಕಂಟೋನ್ಮೆಂಟ್ ಕಡೆಯಿಂದ ಸ್ಕೂಟರಿನಲ್ಲಿ ಬಂದು ಇಲ್ಲಿ ಬಲಿಪೂಜೆ ಅರ್ಪಿಸುತ್ತಾರೆ. ಭಾನುವಾರ ಇವರೇ ಆಟೋ ಹಿಡಿದು ಅಲ್ಲಿನ ಸಂತ ಮೇರಿಯ ಪ್ರಧಾನಾಲಯಕ್ಕೆ ಹೋಗುತ್ತಾರೆ. ನಮ್ಮಲ್ಲಿ ಬಲಿಪೂಜೆ ಎನ್ನುವುದು ಇಲ್ಲಿ 'ಮಿಸ್ಸಾ ಬಲಿದಾನ್'. ಕೈಮುಗಿಯುವಾಗ 'ಜೈ ಯೇಸು' ಎನ್ನಬೇಕು. ಪ್ರಾಟೆಸ್ಟೆಂಟರಾದರೆ 'ಯೀಶು' ಎನ್ನುತ್ತಾರೆ. ಆ ಒಂದು ಅಕ್ಷರದ ಮೇಲೆಯೇ ಯಾರು ಯಾವ ಪಂಗಡದವರೆಂದು ಗೊತ್ತಾಗುತ್ತದೆಯಂತೆ.

ಅಡುಗೆಮನೆ ಅದೇ ಮಹಡಿಯ ಹಿಂಭಾಗದಲ್ಲಿ. ಕಿಟಕಿಗೆ ದಪ್ಪ ಕಬ್ಬಿಣದ ಜಾಲರಿ, ಕೋತಿಗಳಿಗಾಗಿ. ಆ ದಿನದ ಪಾಳಿ ಮಂಗಳೂರು ಕಡೆಯ ಇನ್ನೊಬ್ಬ ಸಿಸ್ಟರ್‌ದು, ಮೂವತ್ತರ ಆಸುಪಾಸಿನವರು. ರೊಟ್ಟಿ, ಆಲೂಗಡ್ಡೆ ಪಲ್ಯ, ಚಹಾ. ಡಬ್ಬಗಳ ಹಿಂದೆ ಬಟ್ಟೆಯ ಚೀಲವೊಂದನ್ನು ಬಿಗಿಯಾಗಿ ಕಟ್ಟಿಟ್ಟಿದ್ದರು. ಬಿಚ್ಚಿ ತೋರಿಸಿದರು: ಕುಚ್ಚಲಕ್ಕಿ. ರಜೆಗೆ ಊರಿಗೆ ಹೋದವರು ರೈಲಿನಲ್ಲಿ ಹೊತ್ತು ತರುತ್ತಾರೆ. "ಯಾರಿಗಾದ್ರೂ ಹುಷಾರಿಲ್ಲದಿದ್ರೆ ಮಾತ್ರ ಗಂಜಿ. ಮಲಯಾಳಿ ಸಿಸ್ಟರ್‌ಗೂ ಅದೇ ಬೇಕು. ಜಾರ್ಖಂಡ್ ಸಿಸ್ಟರ್‌ಗೂ ಗಂಜಿ ಅಂದ್ರೆ ಆಗ್ತದೆ, ಅವರು ಮಾಡ್‌ಭಾತ್ ಅಂತಾರೆ. ಹಾಗಾಗಿ ಜ್ವರ ಬಂದಾಗ ನಮ್ಮಲ್ಲಿ ಜಗಳ ಇಲ್ಲ."

ಎಂಟಕ್ಕೆ ಕೆಳಗಿಳಿದೆವು. ಬಾಗಿಲಿನ ಬಲಕ್ಕಿರುವ ಕೋಣೆಯಲ್ಲಿ ಒಂದು ಮೇಜು, ಎರಡು ಬೆಂಚು, ಬಿಳಿ ಕಪಾಟು, ಬಿ.ಪಿ. ನೋಡುವ ಯಂತ್ರ. ಇಷ್ಟು ಹೊತ್ತು ನೋಡಿದ್ದರಲ್ಲಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ. ಬೆಂಚಿನ ಮೇಲೆ ಆಗಲೇ ಏಳು ಜನ ಕೂತಿದ್ದರು. ಅವರಲ್ಲಿ ಒಬ್ಬರೂ ಕ್ರೈಸ್ತರಲ್ಲ. ಮೂವರು ಬಂಗಾಳಿ ವಿಧವೆಯರು, ಮದನಪುರದ ನೇಕಾರರೊಬ್ಬರು, ದೋಣಿ ನಡೆಸುವ ಹುಡುಗ, ಸೈಕಲ್ ರಿಕ್ಷಾದವರು ಒಬ್ಬರು, ಮಗುವನ್ನು ಎತ್ತಿಕೊಂಡ ತಾಯಿ.

ದೊಡ್ಡ ಸಿಸ್ಟರ್ ನೆಲದ ಮೇಲೆ ಮಣೆ ಹಾಕಿ ಕೂತರು. ರಿಕ್ಷಾದವರ ಪಾದವನ್ನು ತಮ್ಮ ತೊಡೆಯ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಎತ್ತಿಟ್ಟುಕೊಂಡು ಹಳೆಯ ಪಟ್ಟಿ ಬಿಚ್ಚಿದರು. ಸಕ್ಕರೆ ಕಾಯಿಲೆಯ ಹುಣ್ಣು, ಹೆಬ್ಬೆರಳಿನ ಕೆಳಗೆ ಆಳವಾಗಿ. ವಾಸನೆಗೆ ನನ್ನ ಮುಖ ತಾನಾಗಿಯೇ ಅತ್ತ ತಿರುಗಿತು, ಅವರದು ತಿರುಗಲಿಲ್ಲ. ಸಲೈನ್ ಹಾಕಿ ತೊಳೆದು, ಸತ್ತ ಚರ್ಮವನ್ನು ಕತ್ತರಿಯಿಂದ ತೆಗೆದು, ಬೆಟಾಡಿನ್ ಹಚ್ಚಿ, ಹೊಸ ಪಟ್ಟಿ ಸುತ್ತಿದರು. ಇಷ್ಟಕ್ಕೆ ಇಪ್ಪತ್ತೆರಡು ನಿಮಿಷ. ಅಷ್ಟೂ ಹೊತ್ತು ಅವರಿಬ್ಬರ ಮಾತು ಮಾತ್ರ ಚಪ್ಪಲಿಯ ಬಗ್ಗೆ. ಈ ಕಾಲಿಗೆ ಎಂಥ ಚಪ್ಪಲಿ ಆಗುತ್ತದೆ, ಪೆಡಲಿನ ಮೇಲೆ ಹಳೆಯ ಟ್ಯೂಬು ಸುತ್ತಿದರೆ ಉಜ್ಜುವುದು ಕಡಿಮೆಯಾದೀತೇ ಎಂದು. ಕೊನೆಗೆ ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಖು, ಸಕ್ಕರೆಯ ಅಂಕಿ, 'ಸರ್ಕಾರಿ ಆಸ್ಪತ್ರೆಗೆ ಚೀಟಿ' ಎಂದು ಬರೆದುಕೊಂಡರು. ದೊಡ್ಡ ಕಾಯಿಲೆಗಳಿಗೆಲ್ಲ ಇಲ್ಲಿ ಚೀಟಿಯೇ. ಚೀಟಿ ಹಿಡಿದು ಹೋಗಲಾರದವರ ಜೊತೆ ಇವರಲ್ಲಿ ಒಬ್ಬರು ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ.

ಬಿಳಿ ಸೀರೆಯ ಅಜ್ಜಿಯೊಬ್ಬರು ಬಿ.ಪಿ. ನೋಡಿಸಿಕೊಂಡ ಮೇಲೂ ಏಳಲಿಲ್ಲ. "ಮಾಶಿಮಾ, ರಾತ್ರಿ ನಿದ್ದೆ ಬಂತಾ?" ಎಂದು ದೊಡ್ಡ ಸಿಸ್ಟರ್ ಬಂಗಾಳಿಯಲ್ಲಿ ಕೇಳಿದರು. ಅಜ್ಜಿ ಬಹಳ ಹೊತ್ತು ಉತ್ತರ ಹೇಳಿದರು. ನನಗೆ ಅರ್ಥವಾದದ್ದು 'ಛೇಲೆ' ಎಂಬ ಒಂದೇ ಮಾತು, ಅಂದರೆ ಮಗ. ಈ ಬಂಗಾಳಿಯನ್ನು ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ, ಇದೇ ಬೆಂಚಿನಲ್ಲಿ ಕಲಿತದ್ದು ಎಂದರು ಸಿಸ್ಟರ್.

ಆ ಕೋಣೆಯ ಗೋಡೆಗಳನ್ನು ನೋಡಿದೆ. ಶಿಲುಬೆ ಇಲ್ಲ, ಯೇಸುವಿನ ಪಟವಿಲ್ಲ. ಲಸಿಕೆಯ ಪಟ್ಟಿ ಮತ್ತು ಕೈತೊಳೆಯುವ ಚಿತ್ರ ಇವೆ. ಏಕೆಂದು ಕೇಳಬೇಕೋ ಬೇಡವೋ ಎಂದು ಹಿಂಜರಿದು ಕೇಳಿಯೇಬಿಟ್ಟೆ. ಉತ್ತರ ಪ್ರದೇಶದಲ್ಲಿ ಮತಾಂತರದ ಕಾಯ್ದೆ 2021ರಿಂದ ಇದೆ. ಅದರ ಭಯವಿರಬಹುದು ಎಂದು ನನ್ನ ಊಹೆ. ಸಿಸ್ಟರ್ ಕೈ ಒರೆಸಿಕೊಳ್ಳುತ್ತ ಹೇಳಿದರು: "ಕಾಯ್ದೆ ಬರುವ ಮೊದಲೂ ಇರಲಿಲ್ಲ. ನೋವು ಅಂತ ಬಂದವರ ಕಣ್ಣೆದುರು ನಮ್ಮ ದೇವರನ್ನು ಇಡುವುದು ಸರಿಯಲ್ಲ ಅಂತ ನನಗೆ ಕಲಿಸಿದವರು ಹೇಳ್ತಿದ್ದರು. ಮೇಲೆ ಇದ್ದಾನಲ್ಲ, ಸಾಕು." ಎಚ್ಚರಿಕೆ ಇಲ್ಲ ಎಂದು ನಾನು ಹೇಳಲಾರೆ. ಅಪರಿಚಿತರು ಬಾಗಿಲಲ್ಲಿ ಫೋಟೊ ತೆಗೆದರೆ ಇವರಿಗೆ ಕಸಿವಿಸಿಯಾಗುತ್ತದೆ, ಅದು ಕಂಡಿತು. ಆದರೆ ಆ ಮಾತನ್ನು ಅವರು ನನಗಾಗಿ ಹೊಂದಿಸಿ ಹೇಳಿದ್ದು ಎಂದು ನನಗೆ ಅನಿಸಲಿಲ್ಲ.

ಹನ್ನೊಂದಕ್ಕೆ ಮನೆಭೇಟಿ. ಮಂಗಳೂರು ಕಡೆಯ ಆ ಕಿರಿಯ ಸಿಸ್ಟರ್ ಜೊತೆ ಹೊರಟೆ. ಇವರ ಪಾಲಿಗೆ ಬಂದಿರುವ ಕ್ರೈಸ್ತ ಮನೆಗಳು ಹದಿನಾಲ್ಕು. ಅಕ್ಕಪಕ್ಕದಲ್ಲಿ ಎರಡು ಮನೆ ಎಲ್ಲೂ ಇಲ್ಲ. ಸೋನಾರ್‌ಪುರದಲ್ಲಿ ಒಂದು, ಭೇಲೂಪುರದಲ್ಲಿ ಮೂರು, ಲಂಕಾದ ಕಡೆ ಮಲಯಾಳಿ ನರ್ಸ್‌ಗಳ ಎರಡು ಬಾಡಿಗೆ ಕೋಣೆಗಳು, ಉಳಿದವು ಇನ್ನೂ ಚದುರಿ. 2011ರ ಜನಗಣತಿಯ ಪ್ರಕಾರ ಉತ್ತರ ಪ್ರದೇಶದಲ್ಲಿ ಕ್ರೈಸ್ತರು ಶೇ. 0.18. ದಕ್ಷಿಣ ಕನ್ನಡದಲ್ಲಿ ಶೇ. 8ರಷ್ಟು. ಊರಲ್ಲಿ ವಾಳೆ ಎಂದರೆ ಒಂದು ಗುಡ್ಡೆಯ ಮೂವತ್ತು ನಲವತ್ತು ಮನೆ, ಕರೆದರೆ ಕೇಳುವಷ್ಟು ಹತ್ತಿರ. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ದೋಣಿಯೊಂದು ಕಡಿಮೆ, ಅಷ್ಟೇ. ಮಳೆಗಾಲದಲ್ಲಿ ಗಂಗೆ ಏರಿ ತಗ್ಗಿನ ಗಲ್ಲಿಗಳಿಗೆ ನುಗ್ಗಿದರೆ ಆ ದೋಣಿಯೂ ಬೇಕಾಗುತ್ತದೆ.

ಮೊದಲ ಮನೆ ಒಂದೇ ಕೋಣೆ. ಗಂಡ ಖಾಸಗಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕೆಲಸ, ಹೆಂಡತಿ ಜಾರ್ಖಂಡ್‌ನ ಉರಾಂವ್ ಸಮುದಾಯದವರು. ಸಿಸ್ಟರ್ ಮಕ್ಕಳ ಪುಸ್ತಕ ನೋಡಿದರು, ಗ್ಯಾಸ್ ಸಿಲಿಂಡರ್ ಬಂತೇ ಎಂದು ಕೇಳಿದರು, ಊರಿಂದ ಫೋನ್ ಬಂದದ್ದರ ಸುದ್ದಿ ಕೇಳಿದರು. ಏಳುವ ಮುನ್ನ ಎರಡು ನಿಮಿಷದ ಪ್ರಾರ್ಥನೆ, ಮಕ್ಕಳ ನೆತ್ತಿಯ ಮೇಲೆ ಕೈ. ಭೇಟಿಗೆ ಕಾರಣವೇ ಆ ಪ್ರಾರ್ಥನೆ ಎಂದು ನಾನು ಎಣಿಸಿದ್ದೆ. ಹೊರಗೆ ಬಂದ ಮೇಲೆ ಸಿಸ್ಟರ್, "ಸಿಲಿಂಡರ್ ಬಂದಿಲ್ಲ ಅಂದ್ರಲ್ಲ, ಈ ತಿಂಗಳ ಸಂಬಳ ಆಗಿಲ್ಲ ಅಂತ ಅರ್ಥ" ಎಂದರು.

ಎರಡನೆಯ ಮನೆ ಆ ಹದಿನಾಲ್ಕರಲ್ಲಿ ಸೇರಿದ್ದಲ್ಲ. ನಿವೃತ್ತ ಮೇಷ್ಟ್ರು, ಒಬ್ಬರೇ ಇರುತ್ತಾರೆ, ಪ್ರಾಟೆಸ್ಟೆಂಟರು; 1970ರಲ್ಲಿ ಹಲವು ಪಂಗಡಗಳು ಕೂಡಿ ಆದ ಉತ್ತರ ಭಾರತ ಸಭೆಗೆ ಸೇರಿದವರು. ಇವರ ವಂಶ ಶುರುವಾಗುವುದು 1837–38ರ ಬರದಿಂದ. ಆ ಬರದಲ್ಲಿ ಅನಾಥರಾದ ಮಕ್ಕಳನ್ನು ಇಂಗ್ಲೆಂಡಿನ ಸಭೆಯ ಮಿಷನರಿಗಳು ಸಿಗ್ರಾದಲ್ಲಿ ಸಾಕಿದರು. ಆ ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಅಲ್ಲೊಂದು ಕ್ರೈಸ್ತ ಕೇರಿಯೇ ಆಯಿತು. "ನಮ್ಮ ಹಿರಿಯರಿಗೆ ತಮ್ಮ ಅಪ್ಪ ಅಮ್ಮನ ಹೆಸರು ಗೊತ್ತಿರಲಿಲ್ಲ. ಅಲ್ಲಿಂದಾಚೆಗಿನ ಎಲ್ಲರ ಹೆಸರೂ ನನಗೆ ಬಾಯಿಪಾಠ" ಎಂದು ಮೇಷ್ಟ್ರು ಹೇಳಿ, ನಿಜವಾಗಿಯೂ ಒಂದೊಂದೇ ಹೆಸರು ಹೇಳುತ್ತ ಹೋದರು. ಸಿಸ್ಟರ್ ಇದನ್ನು ಎಷ್ಟು ಸಲ ಕೇಳಿದ್ದಾರೋ. ಮೊದಲ ಸಲ ಕೇಳುವವರ ಹಾಗೆ ಕೂತಿದ್ದರು.

ಮಿಷನರಿ ಎಂದಾಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. 1843ರ 'ಮಂಗಳೂರು ಸಮಾಚಾರ', ಹೆಂಚಿನ ಕಾರ್ಖಾನೆ, 1894ರ ಕಿಟ್ಟೆಲ್ ನಿಘಂಟು. ಕಣ್ಣಿಗೆ ಕಾಣುವ, ಕೈಯಲ್ಲಿ ಹಿಡಿಯಬಹುದಾದ ಕೆಲಸಗಳು. ಕಾಶಿಯಲ್ಲೂ ಅಂಥದ್ದು ನಡೆದಿತ್ತು. ಬಂಗಾಳದಿಂದ ಬಂದು ನೆಲೆಸಿದ್ದ ಜಯನಾರಾಯಣ ಘೋಷಾಲ್ ಎಂಬ ಶ್ರೀಮಂತರು 1818ರಲ್ಲಿ ಮನೆಯೊಂದನ್ನು ಮಿಷನರಿಗಳ ಕೈಗೊಪ್ಪಿಸಿ, ತಿಂಗಳಿಗೆ 200 ರೂಪಾಯಿ ಬರುವಂತೆ ಮಾಡಿ ಶಾಲೆ ನಡೆಸಲು ಹೇಳಿದರು. ಇಂಗ್ಲಿಷ್, ಪಾರಸಿ, ಹಿಂದಿ, ಬಂಗಾಳಿ ಕಲಿಸುವ ಶಾಲೆ ಅದು. ಘೋಷಾಲರು ಕೊನೆಯವರೆಗೂ ಹಿಂದೂವಾಗಿಯೇ ಇದ್ದರು, ತಮ್ಮ ಗುರುವಿನ ಹೆಸರಿನಲ್ಲಿ ಇದೇ ಊರಿನಲ್ಲಿ ಗುರುಧಾಮ ದೇವಾಲಯ ಕಟ್ಟಿಸಿದವರು. ಶಾಲೆ ಇಂದಿಗೂ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ಈ ನಾಲ್ವರ ಮನೆಯಿಂದ ಮಾತ್ರ ಮುಂದೆ ಯಾರಿಗೂ ತೋರಿಸಲು ಏನೂ ಉಳಿಯಲಾರದು. ಬಾಡಿಗೆಯ ಮನೆ, ಒಂದು ನೋಟ್‌ಬುಕ್ಕು. ನನಗೆ ಇವರ ಮೇಲೆ ಗೌರವ ಹೆಚ್ಚಿದ್ದು ಅದೇ ಕಾರಣಕ್ಕೆ.

ಮಧ್ಯಾಹ್ನದ ಊಟ, ಅನ್ನ, ಬೇಳೆ, ಹೀರೇಕಾಯಿ. ಆಮೇಲೆ ಒಂದು ಗಂಟೆ ಮನೆ ಮಲಗುತ್ತದೆ. ಕಿರಿಯ ಸಿಸ್ಟರ್ ಮಲಗಲಿಲ್ಲ, ಹಿಂದಿ ಬರೆಯುತ್ತಿದ್ದರು. ಬಂದು ಎರಡು ವರ್ಷವಾಯಿತು, ಮಾತು ಬರುತ್ತದೆ, ಲಿಂಗ ತಪ್ಪುತ್ತದೆ. ನೋಟ್‌ಬುಕ್ಕಿನ ಎಡಗಡೆ ಕನ್ನಡ ಅಕ್ಷರದಲ್ಲಿ ಕೊಂಕಣಿ, ಬಲಗಡೆ ನಾಗರಿಯಲ್ಲಿ ಹಿಂದಿ. ಆ ದಿನದ ಪುಟದಲ್ಲಿದ್ದ ಮಾತುಗಳು: ಕೀವು, ಸಾಲ, ನಾದಿನಿ, ಬಸಿರು, ಕಂತು. ಯಾವ ಧರ್ಮಗ್ರಂಥದಿಂದಲೂ ಆರಿಸಿದವಲ್ಲ, ಬೆಂಚಿನ ಮೇಲೆ ಕೇಳಿಬಂದವು. ಮನೆಯ ನೆನಪು ಬರುವುದಿಲ್ಲವೇ ಎಂದು ಕೇಳಿದೆ. "ಮೊದಲ ಮಳೆಗಾಲದಲ್ಲಿ ತುಂಬಾ ಅತ್ತಿದ್ದೆ. ಇಲ್ಲಿಯ ಮಳೆಗೆ ಸದ್ದೇ ಇಲ್ಲ ಬಾಯಿ, ಹೆಂಚಿಲ್ಲ ಅಲ್ವಾ" ಎಂದರು. ವರ್ಗದ ಕಾಗದ ಯಾವಾಗ ಬೇಕಾದರೂ ಬರಬಹುದು. ಹೋಗು ಎಂದಲ್ಲಿಗೆ ಹೋಗಬೇಕು. ಈಗ ಹೋಗು ಎಂದರೂ ಅಳು ಬರುತ್ತದೆಂದು ಅವರೇ ಸೇರಿಸಿದರು.

ನಾಲ್ಕರಿಂದ ಆರು ಅಂಗಳದಲ್ಲಿ ಮಕ್ಕಳು. ಗಲ್ಲಿಯ ಹದಿನೈದಿಪ್ಪತ್ತು ಮಕ್ಕಳಿಗೆ ಮನೆಪಾಠ. ಮಗ್ಗಿಯ ಗದ್ದಲದಲ್ಲಿ ಹೆಚ್ಚೇನೂ ನೋಡಲಾಗಲಿಲ್ಲ. ಆಮೇಲೆ ತಾರಸಿಗೆ ಹತ್ತಿದೆವು.

ತಾರಸಿಯಲ್ಲಿ ಒಣಹಾಕಿದ ಬಿಳಿ ಸೀರೆಗಳು, ಗಾಯಕ್ಕೆ ಕಟ್ಟಲು ಕತ್ತರಿಸಿ ಕುದಿಸಿದ ಹಳೆಯ ಬಟ್ಟೆಗಳು. ಮನೆಗಳ ಸಂದಿನಲ್ಲಿ ಗಂಗೆ, ಕೆಂಪು ಮಣ್ಣಿನ ಬಣ್ಣ, ದಡ ಮೀರಿ ಹರಿಯುತ್ತಿತ್ತು. ಒಂದು ಮೂಲೆಯಲ್ಲಿ ಕೋತಿಗೆ ಎಟುಕದಂತೆ ಬಲೆ ಹೊದೆಸಿದ ಮೂರು ದೊಡ್ಡ ಕುಂಡಗಳು. ಹತ್ತಿರ ಹೋಗಿ ನೋಡಿದರೆ ಭತ್ತ! ಜೂನಿನಲ್ಲಿ ಬಿತ್ತಿದ್ದು. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮೇರಿಮಾತೆ ಹುಟ್ಟಿದ ದಿನ, ಕರಾವಳಿಯ ಕ್ರೈಸ್ತರಿಗೆ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ಹಾಕುತ್ತಾರೆ, ಹಬ್ಬದ ದಿನ ಗುರುಗಳು ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಅದರ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಯವರೆಲ್ಲ ಕೂತು ಉಣ್ಣುತ್ತಾರೆ. ಆ ದಿನ ಮೀನು ಮಾಂಸ ಇಲ್ಲ, ತರಕಾರಿಯೇ. ಕಾಶಿಯಲ್ಲಿ ಈ ಹಬ್ಬ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಸಿಸ್ಟರ್ ಬಂದ ಮೇಲೆ ಶುರುವಾದದ್ದು. ಮಲಯಾಳಿ ಮನೆಗಳು, ಉರಾಂವ್ ಮನೆಗಳು, ಎಲ್ಲರೂ ಈಗ ತೆನೆಗೆ ಕಾಯುತ್ತಾರೆ. ಕೆಳಗಿನ ಮನೆಯ ಬಂಗಾಳಿ ಅಜ್ಜಿ ಮಾತ್ರ ಪ್ರತಿ ವರ್ಷವೂ ತಕರಾರು ತೆಗೆಯುತ್ತಾರಂತೆ: ಇದು ನಮ್ಮ ಹೊಸ ಅಕ್ಕಿಯ ಹಬ್ಬ ನಬಾನ್ನವೇ, ಆದರೆ ನೀವು ಮಾಡುವ ತಿಂಗಳು ತಪ್ಪು, ಮಾರ್ಗಶಿರದಲ್ಲಿ ಮಾಡಬೇಕು ಎಂದು.

ಕತ್ತಲಾಗುತ್ತ ಬಂತು. ದಶಾಶ್ವಮೇಧದ ಕಡೆಯಿಂದ ಆರತಿಯ ಗಂಟೆ, ಶಂಖ. ಪಕ್ಕದ ಮನೆಯಲ್ಲಿ ಕೀರ್ತನೆ ಶುರುವಾಗಿತ್ತು. ಸಿಸ್ಟರ್‌ಗಳು ತಾರಸಿಯಲ್ಲೇ ಕೂತು ಜಪಸರ ಹಿಡಿದರು. ಬೆಳಗಿನ ಪ್ರಾರ್ಥನೆ ಹಿಂದಿಯಲ್ಲಿ ನಡೆದಿತ್ತು. ಇದೊಂದು ಮಾತ್ರ ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ. ಕೊಂಕಣಿ ಮುಗಿಯುವಲ್ಲಿಗೆ ಮಲಯಾಳ, ಅದರ ಬೆನ್ನಿಗೆ ಜಾರ್ಖಂಡ್‌ನ ಸಾದ್ರಿ. ಯಾರೂ ಯಾರಿಗಾಗಿಯೂ ನಿಲ್ಲಿಸಲಿಲ್ಲ.

ಮುಗಿದ ಮೇಲೆ ದೊಡ್ಡ ಸಿಸ್ಟರ್ ಮೊಬೈಲಿನ ಬೆಳಕು ಹಾಕಿ ಬಲೆ ಎತ್ತಿದರು. "ಬನ್ನಿ, ಎಣಿಸುವ. ಹದಿನಾಲ್ಕು ಮನೆ, ಮೇಷ್ಟ್ರದ್ದೊಂದು, ಕೆಳಗಿನ ಅಜ್ಜಿಗೊಂದು, ಪ್ರಾರ್ಥನಾಲಯಕ್ಕೊಂದು. ಎಷ್ಟಾಯ್ತು?"

"ಹದಿನೇಳು."

ಕಿರಿಯ ಸಿಸ್ಟರ್ ಒಂದೊಂದೇ ತೆನೆಯನ್ನು ಬೆರಳಲ್ಲಿ ಮುಟ್ಟುತ್ತ ಎಣಿಸಿದರು. ಹದಿಮೂರು. ಮತ್ತೆ ಎಣಿಸಿದರು, ಹದಿಮೂರೇ. ದೊಡ್ಡ ಸಿಸ್ಟರ್ ಬಗ್ಗಿ, ಎಲೆಗಳ ನಡುವೆ ಕೈಹಾಕಿ, ದಂಟುಗಳನ್ನು ಮೆಲ್ಲಗೆ ಒತ್ತಿ ನೋಡಿದರು. ಒಂದು ದಂಟಿನಲ್ಲಿ ಹೊಡೆ ತುಂಬಿತ್ತು. ಇನ್ನೊಂದರಲ್ಲಿಯೂ. ಮೂರನೆಯದನ್ನು ನನ್ನ ಕೈಗೆ ಕೊಟ್ಟರು. ಒಳಗೆ ಗಟ್ಟಿಯಾದದ್ದೇನೋ ಬೆರಳಿಗೆ ಸಿಕ್ಕಿತು.

"ಇನ್ನೊಂದು ಎಲ್ಲಿದೆ ನೋಡುವ" ಎಂದು ಅವರು ಬೆಳಕನ್ನು ಕೊನೆಯ ಕುಂಡದ ಕಡೆಗೆ ತಿರುಗಿಸಿದರು.